ದೊಡ್ಡವ್ವನ ಮಾಸು ಹೂತ ಹೊಲ

ನರ್ಸಿಂಗ್ ಓದುವ ತಂಗಿಯ ಮಗಳು ಮೊಬೈಲಿನಲ್ಲಿ ಹ್ಮಾಂಗ್ ಜನರ ವಿಡಿಯೊ ಹಾಕಿದ್ದೇ ತಪ್ಪಾಯಿತು ನೋಡಿ. ಚೀನಾ ಬಿಟ್ಟು ಬೆಟ್ಟ ಹತ್ತಿಳಿದು ಲಾವೋಸ್ ಸೇರಿದವರು. ಅಲ್ಲಿ ಯುದ್ಧ ಮುಗಿದ ಮೇಲೆ ಉಳಿಗಾಲವಿಲ್ಲದೆ ಮೆಕಾಂಗ್ ಹೊಳೆ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ, ಅಲ್ಲಿಂದ ಎಷ್ಟೋ ಮಂದಿ ಅಮೆರಿಕಕ್ಕೆ. ಅವರಲ್ಲಿ ಯಾರಾದರೂ ಸತ್ತರೆ, ಬಾಳಿದ ಊರುಗಳನ್ನೆಲ್ಲ ಹಿಂದುಹಿಂದಕ್ಕೆ ಹೇಳುತ್ತಾ ಹಾಡಿ, ಹುಟ್ಟಿದಾಗ ಮಗುವಿನ ಹಿಂದೆಯೇ ಬಿದ್ದ ಮಾಸು ಹೂತ ಜಾಗಕ್ಕೆ ಜೀವವನ್ನು ಮುಟ್ಟಿಸುತ್ತಾರಂತೆ.

ಉಣ್ಣೆ ನೂಲುತ್ತಿದ್ದ ದೊಡ್ಡವ್ವನ ಕೈ ನಿಂತಿತು.

"ನನ್ ಮಾಸು ಎಲ್ ಹೂತವ್ರೋ ಯಾರಿಗ್ ಗೊತ್ತಲೇ?"

ನಾವು ಐಮಂಗಲದ ಕಡೆಯ ಕುರಿಯವರು. ಗೊಬ್ಬರಕ್ಕೆಂದು ಊರೂರಿನ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸುತ್ತಾ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ, ಹೊಳಲ್ಕೆರೆ ಸೀಮೆಯ ಯಾರದೋ ಹೊಲದಲ್ಲಿ ದೊಡ್ಡವ್ವ ಹುಟ್ಟಿದ್ದು. ಆ ವಿಡಿಯೊ ನೋಡಿದಾಗಿನಿಂದ ಆಕೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. "ನಾನ್ ಸತ್ರೆ ನೀನೇ ದಾರಿ ಹೇಳ್ಬೇಕು, ಬರ್ಕ" ಎಂದಳು. ನಾನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಠೀಕಾಗಿ ಬರೆದು ಓದಿದೆ.

"ಕುರಿ ಏನ್ ಬಸ್ ಹತ್ತಿದ್ವೇನಪ್ಪ? ಹೊಡದಾಕು ಅದನ್ನ! ನೀರ್ ಕೊಟ್ಟ ಗೌಡ್ತಿ ಬಾವಿ, ಅಂಬ್ಲಿ ಕೊಟ್ಟ ಮುದುಕನ ಹೊಲ, ನಾಯಿ ಛೂ ಬಿಟ್ಟೋರ ಹೊಲ. ಹಂಗ್ ಬರಿ."

ಬರೆದೆ. ಕೊನೆಯದು ಜೋಡಿ ಹುಣಸೆಮರದ ಹೊಲ. ಹುಟ್ಟಿದ ಜಾಗದ ಬಗ್ಗೆ ಆಕೆಯ ಅವ್ವ ಹೇಳಿದ್ದು ಅಷ್ಟೇ.

ಮರುವಾರ ನನ್ನ ಹಳೇ ಕಾರಿನಲ್ಲಿ ಹೊರಟೆವು. ಹೊಳಲ್ಕೆರೆ ಸುತ್ತಿನ ನಾಲ್ಕು ಊರು ಕೇಳಿದ್ದಾಯಿತು. ಒಂದು ಕಡೆ ಒಂಟಿ ಹುಣಸೆ, ಇನ್ನೊಂದು ಕಡೆ ಬರೀ ಬೊಡ್ಡೆ. ಪ್ರತಿ ಸಲವೂ ಗಾಡಿ ನಿಲ್ಲುವ ಮೊದಲೇ ದೊಡ್ಡವ್ವನ ಕೈ ಬಾಗಿಲ ಮೇಲೆ. ಗಾಳಿಯಂತ್ರದ ಪಕ್ಕದ ಮೆಕ್ಕೆಜೋಳದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿದಳು.

"ಜೋಡಿ ಹುಣಸೆನಾ? ನಮ್ಮತ್ತೆ ಕಾಲ್ದಾಗೆ ಇದ್ವಂತೆ. ಇಲ್ಲೋ, ಆ ದಿಬ್ಬದ್ ಆಚೆಗೋ, ಕಾಣೆ. ಕುಂತ್ಕಳ್ರಿ ಅಜ್ಜಿ, ನೀರ್ ಕುಡೀರಿ."

ದೊಡ್ಡವ್ವ ಕುಡಿದು, ಬಗ್ಗಿ, ಚಿಟಿಕೆ ಮಣ್ಣು ತೆಗೆದು ಮೂಸಿದಳು.

"ಇದೇನಾ ದೊಡ್ಡವ್ವ?"

"ಮಣ್ ವಾಸ್ನೆನೇ ಐತೆ. ಇನ್ನೇನ್ ಇರ್ತೈತೆ?"

ನಾನು ದಾರಿ ಬರೆದಿದ್ದ ಪುಸ್ತಕ ತೆಗೆದು, ಜೋಡಿ ಹುಣಸೆಯ ಮುಂದೆ 'ಸಿಗಲಿಲ್ಲ' ಎಂದು ಬರೆಯಹೋದೆ. ಕೈ ಹಿಡಿದಳು.

"ಅದ್ಯಾಕ್ ಬರಿತೀಯ? ಮೆಕ್ಕೆಜೋಳದಾಕಿ ನೀರ್ ಕೊಟ್ಲು ಅಂತ ಬರಿ. ಏಳು, ದಿಬ್ಬದ್ ಆಚೆನೂ ನೋಡಾಣ."

ನಾನು ಬರೆದು ಮುಗಿಸುವಷ್ಟರಲ್ಲಿ ಆಕೆ ಅರ್ಧ ದಿಬ್ಬ ಹತ್ತಿದ್ದಳು.