ಯಾಕೂಬಸಾಬ ಎಳೆದ ಅರಳೆ

ಯಾಕೂಬಸಾಬನ ಮೂಗು ಅಂಥಿಂಥದ್ದಲ್ಲ. ಊರಾಚೆಯ ಉಣಕಲ್ಲಿನಲ್ಲಿ ಯಾರ ಮನೆಯ ರೊಟ್ಟಿ ಸೀದರೂ ಇವನು ಕೇಶ್ವಾಪುರದಲ್ಲಿ ಕೂತು, ಅದು ಜೋಳದ್ದೋ ಸಜ್ಜೆಯದ್ದೋ ಹೇಳುತ್ತಿದ್ದನಂತೆ. ಹತ್ತಿ ಗಿರಣಿಯಲ್ಲಿ ಹತ್ತು ವರ್ಷ ದುಡಿದವನು. ಒಂದು ಮಧ್ಯಾಹ್ನ ಚಹಾ ಕುಡಿದು ಬರುವಷ್ಟರಲ್ಲಿ ಗಿರಣಿ ಸುಟ್ಟು ಬೂದಿಯಾಗಿತ್ತು. ಆಮೇಲೆ, ಐವತ್ತೆಂಟನೆಯ ಇಸವಿಯಲ್ಲಿ, ಒಂದು ದವಾಖಾನೆಯ ಬಟ್ಟೆ ಒಗೆಯುವ ಖೋಲಿಗೆ ಬಂದ.

ಅಲ್ಲೊಂದು ಬಟ್ಟೆ ಒಣಗಿಸುವ ಯಂತ್ರವಿತ್ತು. ಕಲ್ಲಿದ್ದಲ ಒಲೆ, ಬಿಸಿಗಾಳಿ ನೂಕುವ ಪಂಖಾ, ತಿರುಗುವ ದೊಡ್ಡ ಡ್ರಮ್ಮು, ಹಸಿಗಾಳಿಯನ್ನು ಗೋಡೆಯಾಚೆ ಒಯ್ಯುವ ಉದ್ದನೆಯ ತಗಡಿನ ಕೊಳವೆ. ಮೊದಲ ದಿನ ಕೊಳವೆಯೊಳಗೆ ತಲೆ ಹಾಕಿ ತೆಗೆದರೆ, ಬಟ್ಟೆಗಳಿಂದ ಉದುರಿದ ಅರಳೆ ಮುಖಕ್ಕೆ ಮೆತ್ತಿ ಎದೆಮಟ್ಟದ ಬಿಳಿ ಗಡ್ಡ. ಹಾಗೇ ಮನೆಗೆ ಹೋದ. ಹೆಂಡತಿ ರೆಹಮತ್‌ಬಿ, ಸತ್ತ ಮಾವನೇ ಬಂದನೆಂದು ತಲೆ ತುಂಬ ಸೆರಗು ಹೊದ್ದು ನೀರು ತಂದಿಟ್ಟಳಂತೆ.

ಅದೇ ಖೋಲಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಮುತ್ತವ್ವ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದಳು. ಪ್ರತಿ ಶುಕ್ರವಾರ ಅವನು ಹಗ್ಗಕ್ಕೆ ತೆಂಗಿನ ನಾರಿನ ಗಂಟು ಕಟ್ಟಿ ಕೊಳವೆ ಉಜ್ಜುತ್ತಿದ್ದರೆ, ಗಾಳಿ ಹೋಗುವ ದಾರಿಗೆ ಎಂಥಾ ಸೇವೆಯಪ್ಪಾ ಎಂದು ಚೇಷ್ಟೆ ಮಾಡುವಳು. ಅರವತ್ತಮೂರರ ಶ್ರಾವಣದಲ್ಲಿ ಅವನು ಟೈಫಾಯಿಡ್ ಬಂದು ತಿಂಗಳು ಮಲಗಿದ. ಯಂತ್ರ ಮುತ್ತವ್ವನ ಪಾಲಿಗೆ ಬಂತು. ಕೊಳವೆಯ ಗೊಡವೆಗೆ ಅವಳು ಹೋಗಲೇ ಇಲ್ಲ.

ಒಂದು ದಿನ, ಮರುದಿನದ ಆಪರೇಶನ್ನುಗಳಿಗಾಗಿ ನಲವತ್ತು ಚಾದರ ನಾಲ್ಕು ಗಂಟೆಗೆ ಬೇಕಿತ್ತು. ಎರಡಾದರೂ ಒಣಗಲಿಲ್ಲ. ಮಳೆಯ ಥಂಡಿ ಎಂದುಕೊಂಡಳು. ತನ್ನ ನಾಲ್ಕು ಕೂಸುಗಳ ಅರಿವೆಯನ್ನು ಕೆಂಡದ ಮೇಲೆ ಬೋರಲು ಹಾಕಿದ ಬುಟ್ಟಿಗೆ ಹರವಿ ಒಣಗಿಸಿದವಳು ಅವಳು. ಒಣಗದಿದ್ದರೆ ಇನ್ನಷ್ಟು ಕೆಂಡ, ಅಷ್ಟೇ ಗೊತ್ತು. ಇದ್ದಲು ಸುರಿದಳು. ಮತ್ತೆ ಸುರಿದಳು. ಚಾದರ ಕೈ ಸುಡುವಷ್ಟು ಬಿಸಿಯಾದವು, ಹಸಿ ಹಾಗೇ ಇತ್ತು.

ಜ್ವರ ಬಿಟ್ಟು ಕಡ್ಡಿಯಂತಾಗಿದ್ದ ಯಾಕೂಬಸಾಬ ಅಂದೇ, ಅದೇ ಹೊತ್ತಿಗೆ, ಕೆಲಸಕ್ಕೆ ಮರಳಿದ. ಬಾಗಿಲಲ್ಲೇ ಮೂಗು ಎತ್ತಿದ: ಹತ್ತಿ ಸೀಯುವ ವಾಸನೆ. ಒಲೆಯ ಕೆಂಡ ಹೊರಗೆಳೆದು, ಪಂಖಾ ನಿಲ್ಲಿಸಿ, ಚಾದರಗಳನ್ನು ಹೊರಗೆ ತೆಗೆದ. ಮೇಲ್ವಿಚಾರಕ ಯಜ್ಞೇಶ್ವರ ಓಡಿ ಬಂದರು.

"ನಾಲ್ಕಕ್ಕ ಚಾದರ ಬರಲಿಲ್ಲಂದ್ರ ಡಾಕ್ಟರಿಗೆ ನೀ ಜವಾಬು ಕೊಡ್ತೀಯೇನು, ಯಾಕೂಬ?"

"ಅರ್ಧಾ ತಾಸು ಕೊಡ್ರಿ ಸಾಹೇಬ್ರ. ಕೊಡಲಿಲ್ಲಂದ್ರ ಈ ಖೋಲಿನೂ ಇರಂಗಿಲ್ಲ."

ಕೊಳವೆಯ ಜೋಡಣೆ ಬಿಚ್ಚಿ ಹಗ್ಗ ಇಳಿಸಿ ಎಳೆದ. ಮೊದಲು ಒಂದು ಹಿಡಿ ಅರಳೆ ಬಂತು. ಆಮೇಲೆ ಒಂದು ಕುರಿಯ ಉಣ್ಣೆಯಷ್ಟು. ಆಮೇಲೆ ಒಳಗೆ ಇಡೀ ಕುರಿಹಿಂಡೇ ಇದೆಯೇನೋ ಎಂಬಂತೆ ಬಂದೇ ಬಂತು. ಮುತ್ತವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಕೊನೆಗೆ ಬಂದ ಅಂಗೈಯಗಲದ ತುಂಡು ಕಂದು ಬಣ್ಣಕ್ಕೆ ತಿರುಗಿ ಅಂಚು ಕಪ್ಪಾಗಿತ್ತು. ನೀರಿಗೆ ಹಾಕಿದರೆ ಚುಂಯ್ ಎಂದಿತು.

ಅವನು ಚಿಟಿಕೆ ಒಣ ಅರಳೆಯನ್ನು ಹೊರಗೆ ಸೂರಿನಡಿಯ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದ. ಅವಳು ರೆಪ್ಪೆ ಬಡಿಯುವಷ್ಟರಲ್ಲಿ ಅರಳೆಯೇ ಇರಲಿಲ್ಲ.

"ಮುತ್ತಕ್ಕ, ಹಸಿಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲ, ಅರಿವಿ ಹ್ಯಾಂಗ ಒಣಗಬೇಕು? ನೀ ಇದಕ್ಕ ಬೆಂಕಿ ಉಣಸಾಕತ್ತಿದ್ದಿ."

ಮುತ್ತವ್ವ ಒಳಗೆ ಹೋಗಿ ಇದ್ದಲ ಬುಟ್ಟಿಯನ್ನು ಒಲೆಯಿಂದ ದೂರ ಎಳೆದಿಟ್ಟಳು.

ಅರ್ಧದಷ್ಟೇ ಇದ್ದಲಿನಲ್ಲಿ ಯಂತ್ರ ಮತ್ತೆ ತಿರುಗಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಯಜ್ಞೇಶ್ವರರೇ ಎದೆಯೆತ್ತರ ಚಾದರ ಹೊತ್ತು ವಾರ್ಡಿನತ್ತ ನಡೆದರು. ಮುತ್ತವ್ವ ಗೋಡೆಯಾಚೆ ಹೋಗಿ ಕೊಳವೆಯ ಬಾಯಿಗೆ ಕೈ ಒಡ್ಡಿದಳು. ಬಿಸಿಗಾಳಿ ಬೀಳುವ ಮಳೆಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಎದುರಿಗೆ ಕೂತಿದ್ದ ಕಾಗೆಯೊಂದು ಆ ಗಾಳಿಗೆ ಹಾರಿಹೋಗಿ ಮೈಲಿಗಟ್ಟಲೆ ದೂರದ ಸತ್ತೂರಿನಲ್ಲಿ ಇಳಿಯಿತೆಂದು ಅವಳು ಸಾಯುವತನಕ ಹೇಳಿದಳು. ಅಲ್ಲವೆಂದವರಿಗೆ ಚಹಾ ಕೊಡಲಿಲ್ಲ.