ನಡಬರಕ ನಿಂತ ಹಾಡು

ಮಹಾರಾಷ್ಟ್ರದ ಗಡಿ ಊರು ಉಮರ್ಗಾದ ಅರಿವಿ ಅಂಗಡಿಯೊಳಗ ಕುಂತು ನಾ ಪಂಕ್ ಹಾಡಿನ ಬಗ್ಗೆ ಬರೀಲತ್ತೀನಿ ಅಂದ್ರ ಗಿರಾಕಿ ನಗ್ತಾರ. ನಗಲಿ. ಹಣಿ ಮ್ಯಾಲ ವಿಭೂತಿ, ಕೊರಳಾಗ ಲಿಂಗ, ಮುಂದ ಸೀರಿ ಗಂಟು, ಇಂಥಾಂವಗ ಆ ಬೊಬ್ಬಿ ಹೊಡಿಯೋ ಹಾಡಿನ ಹುಚ್ಚು ಎಲ್ಲಿಂದ ಹಿಡೀತು ಅಂತ ನಮ್ಮ ಅಪ್ಪ ಸಾಯೋತನಕ ಕೇಳಿದ. ಹಿಡಿಸಿದಾಂವ ಉದಗೀರದ ನನ್ನ ದೋಸ್ತ. ಅವರದು ಮೊಂಢಾದಾಗ, ಅಂದ್ರ ಕಾಳಿನ ಪ್ಯಾಟ್ಯಾಗ, ಅಡತ್ ದಲಾಲಿ ಅಂಗಡಿ. ಕಾಲೇಜಿನಾಗ ಇದ್ದಾಗ ನಾವಿಬ್ಬರೂ ಉದಗೀರದಾಗ ಒಂದೇ ಖೋಲಿಯೊಳಗ ಇದ್ದಿವಿ.

ಆಗ ಸ್ಟೇಷನ್ ದಾರಿಗೆ ಕ್ಯಾಸೆಟ್ ಭರಿಸಿ ಕೊಡೋ ಅಂಗಡಿ ಒಂದಿತ್ತು. ನಿಮಗ ಬೇಕಾದ ಭಜನಿ, ಸಿನಿಮಾ ಹಾಡು ಹೇಳಿದ್ರ ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡ್ತಿದ್ದ. ಪುಣೆ ಕಡಿಂದ ಬಂದ ಯಾವನೋ ಹುಡುಗ ಒಂದು ಇಂಗ್ಲಿಷ್ ಕ್ಯಾಸೆಟ್ ಕೊಟ್ಟು ಇಂಥಾದೇ ಇನ್ನೊಂದು ಭರಿಸಿಡು ಅಂದಿದ್ದನಂತ. ಆಮ್ಯಾಲ ತನ್ನದು ತಗೊಂಡು ಹ್ವಾದ, ಭರಿಸಿದ್ದು ಅಲ್ಲೇ ಬಿಟ್ಟ. ಅಂಗಡಿಯಾಂವ ಅದರ ಮ್ಯಾಲ ಮರಾಠಿಯೊಳಗ ‘ಇಂಗ್ರಜಿ ಗೋಂಧಳ’ ಅಂತ ಬರದು ಮೂಲ್ಯಾಗ ಒಗದಿದ್ದ. ಇಂಗ್ಲಿಷ್ ಗದ್ದಲ, ಅಷ್ಟೇ. ಹಾಡಿನ ಹೆಸರಿಲ್ಲ, ಹಾಡಿದಾಂವನ ಹೆಸರಿಲ್ಲ. ಯಾರೂ ಒಯ್ಯದೆ ಧೂಳ ತಿಂತಾ ಬಿದ್ದಿದ್ದನ್ನ ನನ್ನ ದೋಸ್ತ ಖೋಲಿಗೆ ತಂದ.

ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ಇಂಗ್ಲಿಷ್ ಅಂದ್ರ ಪರೀಕ್ಷಾಕ್ಕಷ್ಟೇ. ಒಂದು ಶಬ್ದ ತಿಳೀತಿದ್ದಿಲ್ಲ ನಮಗ. ಆದ್ರ ಹಾಡಾಂವ ಯಾರಿಗೋ ಬಾಯಿಗೆ ಬಂದಂಗ ಬೈಲತ್ತಾನ ಅಂಬೋದು ತಿಳೀತಿತ್ತು. ನಮಗೂ ಯಾರ್ಯಾರಿಗೋ ಬೈಯೋದಿತ್ತು, ಧೈರ್ಯ ಇದ್ದಿಲ್ಲ. ಅಂವಾ ನಮ್ಮ ಪಾಲಿಂದೂ ಬೈದ.

ಎಲ್ಲಾಕಿಂತ ತಲಿ ಕೆಡಿಸಿದ್ದು ಕೊನೀ ಹಾಡು. ಗಿಟಾರ್ ಏರ್ತದ, ದನಿ ಏರ್ತದ, ಗಂಟಲ ಹರೀತದೇನೋ ಅನ್ನೋಹೊತ್ತಿಗೆ ಮಾತಿನ ನಡಬರಕ ಟಕ್ ಅಂತ ನಿಂತು ಬಿಡ್ತದ. ಮುಂದ ಏನೂ ಇಲ್ಲ. ಮೊದಲ ಸಲ ಕೇಳಿದಾಗ ನನ್ನ ದೋಸ್ತ ಆ ಕೊನೀ ತುಣುಕು ತಿರುಗಿಸಿ ಮತ್ತೊಮ್ಮೆ ಹಚ್ಚಿದ. ಆಮ್ಯಾಲ ಅಂದ, “ನೋಡ್ಲೇ, ಖರೇ ಸಿಟ್ಟು ಬಂದಾಂವ ಮಾತು ಮುಗಸಂಗಿಲ್ಲ. ಎದ್ದು ಹೋಗ್ತಾನ.”

ನಂಗ ಅದು ಒಪ್ಪಿಗಿ ಆಗಲಿಲ್ಲ. ನಾ ಅರಿವಿ ಅಳಿಯೋ ಮನಿಯಾಂವ. ಅರ್ಧಾ ಧೋತರ ಹರದು ಕೊಟ್ಟಂಗ ಆತಲ್ಲೋ, ಹಾಡು ಅಂದ್ಮ್ಯಾಲ ಮುಗಸಬೇಕು, ಇದು ಆಲಸ್ಯ ಅಂದೆ. ಅಂವಾ ನಂಗ ಹೊಲಿಗಿ ಮಿಷನ್ನು, ಗಜಕಡ್ಡಿ ಅಂತ ಏನೇನೋ ಬೈದ. ಅವತ್ತು ಶುರುವಾದ ಜಗಳ ಮುಗೀಲೇ ಇಲ್ಲ.

ಕಾಲೇಜ್ ಮುಗದು ಅಂವಾ ಮೊಂಢಾಕ್ಕ ಕುಂತ, ನಾ ಉಮರ್ಗಾಕ್ಕ ಬಂದೆ. ನಡುವ ನಿಲಂಗಾ. ಅಂವಾ ಆ ಕಡಿಂದ, ನಾ ಈ ಕಡಿಂದ ಬಸ್ ಹತ್ತಿ ಬಂದು ನಿಲಂಗಾ ಸ್ಟ್ಯಾಂಡಿನ ಹೋಟೆಲಿನಾಗ ಕೂಡ್ತಿದ್ದಿವಿ. ಹೆಣ್ಣು-ಗಂಡಿನ ಸೋಯರಿಕಿ ಮಾತಾಡ್ಲಿಕ್ಕ ಬಂದಾರೇನೋ ಅಂತ ಹೋಟೆಲಿನಾಂವ ತಿಳದಿದ್ದ. ನಾವು ಡ್ರಮ್ ಬಾರಿಸಾಂವ ಹೆಚ್ಚೋ ಹಾಡಾಂವ ಹೆಚ್ಚೋ, ಕ್ಯಾಸೆಟ್ಟಿನ ಮೊದಲನೇ ಬಾಜು ಹೆಚ್ಚೋ ಎರಡನೇದೋ ಅಂತ ಕಡ್ಯಾಡ್ತಿದ್ದಿವಿ. ಕೊನೀಗೆ ಅದೇ ಟಕ್ ಅನ್ನೋದಕ್ಕ ಬಂದು ನಿಲ್ತಿತ್ತು.

ಅಂವಾ ಅದನ್ನ ಬರೇ ಮಾತಿಗೆ ಹೇಳಲಿಲ್ಲ, ಹಂಗೇ ಬಾಳಿದ. ಮೊಂಢಾದಾಗ ವ್ಯಾಪಾರಿ ಸುಳ್ಳು ಹೇಳಿದ್ರ ನಡಬರಕ ಎದ್ದು ಹೋಗ್ತಿದ್ದ. ಬೀಗರ ಮನ್ಯಾಗ ಊಟದ ಎಲಿ ಬಿಟ್ಟು ಎದ್ದಾನ. ಎರಡೂ ಮೂತ್ರಪಿಂಡ ಹ್ವಾದಾವ ಅಂತ ಡಾಕ್ಟರ್ ಹೇಳಿ, ಡಯಾಲಿಸಿಸ್ ಶುರುವಾದ ಮ್ಯಾಲೂ ಅಂವಾ ಅಂಜಲಿಲ್ಲ. ರಕ್ತ ಮಿಷನ್‌ಗೆ ಹೋಗಿ ಬರಲತ್ತಿತ್ತು, ನಾ ಬಾಜೂಕ್ಕ ಕುಂತು ಕಣ್ಣೀರು ತಡಕೊಳ್ಳಲತ್ತಿದ್ದೆ. “ಯಾಕಲೇ ಮಾರಿ ಸಣ್ಣ ಮಾಡ್ತಿ? ನಂದೂ ಆ ಹಾಡಿನಂಗೇ. ಟಕ್. ಯಾರರೆ ಮಾತು ಮುಗಿಸಿ ಹೋಗ್ಯಾರೇನು?” ಅಂದ. ಆ ಮಾತಿನ ಮ್ಯಾಲ ಅಂವಾ ಜೀವ ಹಿಡದಾನ ಅಂತ ನಂಗ ಅವತ್ತು ತಿಳೀತು. ಅಂವಗ ಬ್ಯಾರೆ ಆಸರ ಇದ್ದಿಲ್ಲ. ದೇವರ ಮುಂದ ಕೂಡ್ತಿದ್ದ ಖರೇ, ಆದ್ರ ಮನಸ್ಸು ಅಲ್ಲಿ ಇರ್ತಿದ್ದಿಲ್ಲ.

ಅಂವನ ಮಗಳು ಶ್ಯಾಣ್ಯಾಕಿ. ಅಪ್ಪ ಹಾಸಿಗಿ ಹಿಡದಾನ, ಖುಷಿ ಮಾಡಬೇಕು ಅಂತ ಆ ಕ್ಯಾಸೆಟ್ ಹಚ್ಚಿ ಫೋನಿಗೆ ಕೇಳಿಸಿದಳು. ಫೋನು ಹೆಸರು ಹೇಳಿಬಿಡ್ತು. ದೊಡ್ಡ ಹೆಸರಾದ ಹಳೀ ಪಂಕ್ ಆಲ್ಬಮ್ ಅಂತ, ಜಗತ್ತಿನ ತುಂಬ ಅದಕ್ಕ ಹುಚ್ಚರು ಅದಾರಂತ. ಅವರೆಲ್ಲಾ ಕೂಡಿ ಅಭಿಪ್ರಾಯ ಬರಿಯೋ ಗುಂಪೂ ಫೋನಿನಾಗ ಸಿಕ್ಕಿತು. ಒಬ್ಬ, ಮೊದಲನೇ ಹಾಡು ಕೇಳಿ ನೌಕರಿ ಬಿಟ್ಟೆ ಅಂತ ಬರದಿದ್ದ. ಇನ್ನೊಬ್ಬಾಕಿ, ಅರ್ಧಾ ಹಾಡು ಕಸ ಆದ್ರೂ ಅದಿಲ್ಲದೆ ನಾ ಬದುಕ್ತಿದ್ದಿಲ್ಲ ಅಂತ. ಮಗಳು ಓದಿ ಹೇಳೋದು, ಅಂವಾ ಮಲ್ಕೊಂಡಲ್ಲೇ ಹೌದನ್ನೋದು. ಹಾಡು ಮಾತ್ರ ಫೋನಿನಾಗ ಕೇಳಲಿಲ್ಲ, ನಂಗ ನನ್ನ ಕ್ಯಾಸೆಟ್ಟೇ ಸಾಕು ಅಂದ. ಆಮ್ಯಾಲ, ನಂದೂ ಒಂದು ಅಭಿಪ್ರಾಯ ಬರಿ ಅಂದ. ಸಿಟ್ಟು ಬಂದಾಂವ ಮಾತು ಮುಗಸಂಗಿಲ್ಲ, ಕೊನೀ ಹಾಡು ನಡಬರಕ ಕಡದಿದ್ದೇ ಇಡೀ ಆಲ್ಬಮ್ಮಿನ ಜೀವ, ಅದು ನಂಗ ಸಾಯೋದು ಕಲಿಸ್ಯದ ಅಂತ ಬರಿಸಿದ. ಮಗಳು ಇಂಗ್ಲಿಷ್ ಮಾಡಿ ಹಾಕಿದಳು. ಅಂವಾ ನಂಗ ಫೋನ್ ಮಾಡಿ, “ಇನ್ನ ನೋಡ್ಲೇ, ಜಗತ್ತೇ ತೀರ್ಪು ಕೊಡ್ತದ” ಅಂದ.

ಜಗತ್ತು ಕೊಟ್ಟಿತು. ನಡಬರಕ ಎಲ್ಲಿ ಕಡದದ? ಆ ಹಾಡು ಇನ್ನೂ ಮುಂದ ಅದಲ್ಲಾ ಅಂತ ಒಬ್ಬ. ನಿಮ್ಮ ಕ್ಯಾಸೆಟ್ಟಿನ ಟೇಪ್ ಸಾಲದೆ ತುಂಡಾಗಿರಬೇಕು ಅಣ್ಣಾ ಅಂತ ಇನ್ನೊಬ್ಬ. ಕೆಲವ್ರು ನಗೋ ಮಾರಿ ಹಾಕಿದ್ರು. ಉಳದಾವ್ರು ಪಾಪ, ಒಳ್ಳೇವ್ರು, ಪೂರ್ತಿ ಹಾಡನ್ನೇ ಕಳಿಸಿದ್ರು. ಅದೇ ಕೆಟ್ಟದಾತು ನೋಡ್ರಿ. ಸ್ಟೇಷನ್ ದಾರೀ ಆ ಅಂಗಡಿಯಾಂವ ಸಣ್ಣ ಕ್ಯಾಸೆಟ್ಟಿಗೆ ಹಿಡಿಸಿದಷ್ಟು ತುಂಬಿದ್ದ, ಉಳದದ್ದು ಬಿಟ್ಟಿದ್ದ. ಎಲ್ಲಾ ಕ್ಯಾಸೆಟ್ಟೂ ಕೊನೀಗೆ ಟಕ್ ಅಂತಾನೇ ನಿಲ್ತಿದ್ದವು, ನಮಗ ಸಂಶಯ ಬರೋದು ಎಲ್ಲಿಂದ?

ನಾನೂ ನನ್ನ ಅರಿವಿ ಅಂಗಡ್ಯಾಗ ಕುಂತು ಪೂರ್ತಿ ಕೇಳಿದೆ. ಹಾಡಾಂವ ಮಾತು ಮುಗಿಸ್ತಾನ. ಮೊದಲ ಬಂದ ಸೊಲ್ಲೇ ತಿರುಗಿ ಬರ್ತದ, ಎಲ್ಲಾರೂ ಕೂಡಿ ಹಾಡ್ತಾರ, ಚಪ್ಪಾಳಿ ಹೊಡೀತಾರ. ಕೊನೀಗೆ ಯಾರೋ ಏನೋ ಅಂತಾರ, ಎಲ್ಲಾರೂ ನಗ್ತಾರ. ನಾ ಗೆದ್ದಿದ್ದೆ. ಇಂಥಾ ಗೆಲುವು ವೈರಿಗೂ ಬ್ಯಾಡ.

ಮುಂದಿನ ವಾರ ಉದಗೀರಕ್ಕ ಹ್ವಾದೆ. ಅಂವಾ ಆ ಮಾತೇ ತಗೀಲಿಲ್ಲ. ತೊಗರಿ ರೇಟ್ ಏನದ, ನಿಮ್ಮ ಕಡಿ ತುರೋರಿ ಊರ ಹಂತೇಕ ರಸ್ತಾ ಆತೇನು ಅಂತ ಕೇಳಿದ. ತುತ್ತು ಬಾಯಾಗ ಇಟ್ಕೊಂಡು ನುಂಗ್ತಿದ್ದಿಲ್ಲ. ನಾ ಹೊರಗ ಬಂದು ಚಪ್ಪಲಿ ಮೆಟ್ಟಲತ್ತಿದ್ದೆ, ಅಂವನ ಹೆಂಡತಿ ಹಿಂದ ಬಂದಳು. “ಅಣ್ಣಾ, ಒಂದೀಟು ಜಗಳ ಮಾಡ್ರಿ ಅವರ ಸಂಗಟ. ನಿಮ್ಮ ಸಂಗಟ ಜಗಳ ಮಾಡಿದ ದಿನ ಉಣ್ತಿದ್ರು” ಅಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಿರುಗಿ ಒಳಗ ಹ್ವಾದೆ. “ಲೇ, ಆ ಮಂದಿಗೇನ್ ತಿಳೀತದ?” ಅಂದೆ. “ಹಾಡು ನೀ ಹೇಳಿದಲ್ಲೇ ಮುಗೀಬೇಕಿತ್ತು. ಆ ಚಪ್ಪಾಳಿ, ಆ ನಗೋದು, ಎಲ್ಲಾ ದಂಡ. ನಂದೇ ತಪ್ಪು, ನೀ ಹೇಳಿದ್ದೇ ಖರೇ.” ಗಜಕಡ್ಡಿ ಅಂತ ಬೈತಾನೇನೋ ಅಂತ ಕಾದೆ. ಬೈದಿದ್ರ ಕಾಲು ಹಿಡೀತಿದ್ದೆ.

“ಬ್ಯಾಡೋ” ಅಂದ. “ನೀ ಅಂದದ್ದೇ ಖರೇ ಅದ. ಹಾಡು ಅಂದ್ಮ್ಯಾಲ ಮುಗೀಬೇಕು.” ಗೋಡಿ ಕಡಿ ಹೊಳ್ಳಿದ. ಆಮ್ಯಾಲ ನನ್ನ ಕೈ ಹುಡುಕಿ ಹಿಡಕೊಂಡ. “ನಂಗ ಅಂಜಿಕಿ ಆಗಲತ್ತದಲೋ” ಅಂದ.

ಇಷ್ಟು ವರ್ಷ ಅಂವಾ ಆಡಿದ ಒಂದೊಂದು ಮಾತಿಗೂ ಎದುರು ಮಾತು ಆಡಿದಾಂವ ನಾ. ಅವತ್ತು ಅಂವನ ಕೈ ಬಿಡದೆ ಹಾಸಿಗಿ ಬಾಜೂಕ್ಕ ಕುಂತೆ.