ಸೆಕ್ರೆಟರಿಯಣ್ಣನಿಗೆ ಬೀಳದ ವೋಟು

ಆಡಿಟರನ್ನು ಜನರೇ ವೋಟು ಹಾಕಿ ಆರಿಸುವ ಊರೊಂದಿದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಾನೇ ಆಡಿಟ್ ಕೆಲಸದವನು. ಬಹರೈನಿನ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಚೇರಿಯಲ್ಲಿ ಕುಳಿತು ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತೇನೆ. ನಾವು ಬಂದೆವೆಂದರೆ ಜನ ಫೋನ್ ಕಿವಿಗಿಟ್ಟುಕೊಂಡು ಆಚೆ ಹೋಗುತ್ತಾರೆ. ಇನ್ನು ವೋಟು ಯಾರು ಕೊಡುತ್ತಾರೆ? ಆದರೆ ನನ್ನ ಪಕ್ಕದ ಮೇಜಿನ ಅಮೆರಿಕದ ಸಹೋದ್ಯೋಗಿ ಒಂದು ದಿನ ತನ್ನ ಊರಿನಿಂದ ಬಂದ ಮತಪತ್ರವನ್ನು ಬಿಡಿಸಿಟ್ಟುಕೊಂಡಾಗ ಅದರ ಕೊನೆಯ ಸಾಲಿನಲ್ಲಿ ಆಡಿಟರ್ ಹುದ್ದೆಯೇ ಇತ್ತು.

ಅವಳದು ಅಮೆರಿಕದ ಒಂದು ಮೂಲೆಯ ಪುಟ್ಟ ರಾಜ್ಯ. ನಮ್ಮ ಉಡುಪಿ ಜಿಲ್ಲೆಯಲ್ಲಿರುವಷ್ಟು ಜನ ಅಲ್ಲಿಲ್ಲ. ಆದರೂ ಗವರ್ನರಿಗೆ ಒಂದು ಸಾಲು, ಉಪ ಗವರ್ನರಿಗೆ ಇನ್ನೊಂದು ಸಾಲು, ಖಜಾಂಚಿಗೆ, ಕಾರ್ಯದರ್ಶಿಗೆ, ಸರ್ಕಾರದ ವಕೀಲರಿಗೆ, ಕೊನೆಗೆ ನಮ್ಮ ಕುಲದ ಆಡಿಟರಿಗೆ ಬೇರೆ ಬೇರೆ ಸಾಲು. ಎರಡೆರಡು ವರ್ಷಕ್ಕೊಮ್ಮೆ ಇದೇ ಸಂಭ್ರಮವಂತೆ. ನಮ್ಮಲ್ಲಾದರೆ ಶಾಸಕರನ್ನು ಆರಿಸಿ ಕಳಿಸಿದರೆ ಮುಗಿಯಿತು. ಮುಖ್ಯಮಂತ್ರಿ ಯಾರು, ಯಾವ ಖಾತೆ ಯಾರಿಗೆ ಎಂಬುದನ್ನೆಲ್ಲ ಅವರವರೇ ನೋಡಿಕೊಳ್ಳುತ್ತಾರೆ, ನಾವು ಟಿವಿ ನೋಡುತ್ತೇವೆ. ಬಹರೈನಿಗೆ ಬಂದ ಮೇಲೆ ನನಗೆ ಆ ಒಂದು ವೋಟೂ ಇಲ್ಲ. ಹಾಕಬೇಕೆಂದರೆ ವಿಮಾನ ಹತ್ತಿ ಊರಿಗೇ ಹೋಗಬೇಕು.

ಅವಳು ಗವರ್ನರಿಗೆ ಒಂದು ಪಕ್ಷದವರನ್ನೂ ಉಪ ಗವರ್ನರಿಗೆ ಇನ್ನೊಂದು ಪಕ್ಷದವರನ್ನೂ ಗುರುತು ಮಾಡಿದಳು. ಇಬ್ಬರೂ ಒಂದೇ ಕಚೇರಿಯಲ್ಲಿ ಕಚ್ಚಾಡುವುದಿಲ್ಲವೇ ಎಂದು ಕೇಳಿದೆ. ಕಚ್ಚಾಡಲಿ ಬಿಡು, ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಾರೆ ಎಂದಳು. ಆಡಿಟರ್ ಸಾಲಿಗೆ ಬಂದಾಗ ಒಂದು ಹೆಸರನ್ನು ತೋರಿಸಿ, ಇವರು ನನ್ನ ಅಮ್ಮನ ತಮ್ಮ ಎಂದಳು. ಹೇಳಿದವಳೇ ಇನ್ನೊಂದು ಹೆಸರಿಗೆ ಗುರುತು ಹಾಕಿದಳು. ಕೈತಪ್ಪಿತೇನೋ ಎಂದು ನಾನು ಗಾಬರಿಯಾದೆ.

ಕೈತಪ್ಪಿರಲಿಲ್ಲ. ಸಂಜೆ ಕಚೇರಿ ಬಿಡುವ ಹೊತ್ತಿಗೆ ಅಲ್ಲಿ ಬೆಳಗಾಗಿತ್ತು. ಅವಳು ನನ್ನ ಎದುರಿಗೇ ಆ ಮಾವನಿಗೆ ಫೋನ್ ಮಾಡಿ, ಈ ಸಲ ನನ್ನ ವೋಟು ನಿನಗಲ್ಲ, ಆ ಹೆಂಗಸಿಗೆ ಈ ಕೆಲಸ ನಿನಗಿಂತ ಚೆನ್ನಾಗಿ ಬರುತ್ತದೆ ಎಂದು ಹೇಳಿಬಿಟ್ಟಳು. ಆಚೆಯಿಂದ ಆ ಮನುಷ್ಯ ಗಟ್ಟಿಯಾಗಿ ನಕ್ಕಿದ್ದು ನನಗೂ ಕೇಳಿಸಿತು. ಅಲ್ಲಿ ಸೆಕೆ ಕಡಿಮೆಯಾಯಿತಾ ಎಂದು ವಿಚಾರಿಸಿ ಫೋನ್ ಇಟ್ಟ. ಚುನಾವಣೆಯಲ್ಲಿ ಆತ ಸೋತ. ಮರುದಿನವೇ ತನ್ನ ಪ್ರಚಾರದ ಫಲಕಗಳನ್ನು ಕಿತ್ತು ವ್ಯಾನಿಗೆ ತುಂಬುತ್ತಿರುವ ಫೋಟೋವನ್ನು ಸೊಸೆಗೆ ಕಳಿಸಿದ್ದ. ಮುಖದಲ್ಲಿ ನಗುವಿತ್ತು.

ಅದನ್ನು ನೋಡಿ ನನ್ನ ತಲೆ ತಿರುಗಿತು. ನಾವೂ ಹೀಗಿರಬೇಕು ಎಂದು ಅನಿಸಿಬಿಟ್ಟಿತು. ಎಲ್ಲ ತೊಂದರೆ ಶುರುವಾದದ್ದು ಅಲ್ಲಿಂದ.

ಇಲ್ಲಿ ನಮ್ಮ ಕರಾವಳಿಯವರದೊಂದು ಸಣ್ಣ ಬಳಗವಿದೆ. ಮನಾಮಾದ ಒಂದು ಬಾಡಿಗೆ ಸಭಾಂಗಣದಲ್ಲಿ ಯುಗಾದಿ, ಕ್ರಿಸ್‌ಮಸ್, ಮಕ್ಕಳ ಡ್ಯಾನ್ಸು ಎಲ್ಲ ನಡೆಯುತ್ತದೆ. ಆದರೆ ಬಳಗ ನಿಜಕ್ಕೂ ಇರುವುದು ಕಷ್ಟಕಾಲಕ್ಕೆ. ಯಾರೋ ಆಸ್ಪತ್ರೆಯಲ್ಲಿದ್ದಾರೆ, ಯಾರದೋ ವೀಸಾ ಮುಗಿದಿದೆ, ಯಾರೋ ತೀರಿಕೊಂಡಿದ್ದಾರೆ ಎಂದರೆ ಮೊದಲು ಹೋಗುವ ಫೋನು ಕಾರ್ಯದರ್ಶಿಗೆ. ಆ ಕಾರ್ಯದರ್ಶಿಯನ್ನು ನಾವೆಲ್ಲ ಸೆಕ್ರೆಟರಿಯಣ್ಣ ಎಂದೇ ಕರೆಯುತ್ತಿದ್ದೆವು. ಅವರ ಹೆಂಡತಿಯೂ ಜನರ ಎದುರು ಹಾಗೇ ಕರೆದು ನಗಿಸುವುದಿತ್ತು. ಸೂಕ್ ಎಂಬ ಹಳೆ ಪೇಟೆಯ ಒಂದು ಗಲ್ಲಿಯಲ್ಲಿ ಅವರಿಗೆ ಯೂನಿಫಾರ್ಮ್ ಹೊಲಿಯುವ ಅಂಗಡಿ. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಮ್ಮಿಬ್ಬರ ನಡುವೆ ಕನ್ನಡ.

ನಾನು ಈ ದೇಶದಲ್ಲಿ ಇಳಿದ ದಿನ ನನ್ನನ್ನು ಕರೆದೊಯ್ಯಬೇಕಾದ ಕಂಪನಿಯವರು ಬಂದಿರಲಿಲ್ಲ. ಬೇರೆ ಯಾರನ್ನೋ ಕರೆದೊಯ್ಯಲು ವಿಮಾನ ನಿಲ್ದಾಣಕ್ಕೆ ಬಂದಿದ್ದ ಸೆಕ್ರೆಟರಿಯಣ್ಣ ನನ್ನ ಪೆಟ್ಟಿಗೆಗೆ ಕಟ್ಟಿದ್ದ ಹಗ್ಗ ನೋಡಿಯೇ, ಊರಿನವನಾ ಎಂದು ಕೇಳಿದರು. ಊಟ ಆಯಿತಾ ಎಂಬುದು ಅವರ ಎರಡನೆಯ ಪ್ರಶ್ನೆ. ಆ ವಾರವೆಲ್ಲ ನಾನು ಉಂಡದ್ದು ಅವರ ಮನೆಯಲ್ಲಿ. ಮುಂದೆ ಮದುವೆಯಾಗಿ ಹೆಂಡತಿಯನ್ನು ಕರೆತಂದಾಗ ಸನದ್ ಬಡಾವಣೆಯಲ್ಲಿ ಅವರ ಬೀದಿಯಲ್ಲೇ ನನಗೆ ಮನೆ ಹುಡುಕಿಕೊಟ್ಟವರೂ ಅವರೇ. ಇದನ್ನೆಲ್ಲ ನಾನು ಮರೆತಿರಲಿಲ್ಲ. ಮರೆತಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಬಳಗದ ಆಯ್ಕೆಗೆ ಒಂದು ಪದ್ಧತಿಯಿತ್ತು. ವಾರ್ಷಿಕ ಸಭೆಗೆ ಮೊದಲು ಹಿರಿಯರು ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುವರು. ಯಾರನ್ನಾದರೂ ಬದಲಿಸಬೇಕೆಂದಿದ್ದರೆ ಅವರಿಗೆ ಹತ್ತಿರದವರೊಬ್ಬರು ಮನೆಗೆ ಹೋಗಿ, ಚಹಾ ಕುಡಿದು, ಈ ಸಲ ಸ್ವಲ್ಪ ರೆಸ್ಟ್ ತಗೊಳ್ಳಿ ಎಂದು ಮೆತ್ತಗೆ ಹೇಳಿ ಬರುವರು. ಸಭೆಯಲ್ಲಿ ಆ ವ್ಯಕ್ತಿ ತಾನಾಗಿಯೇ ಎದ್ದು ನಿಂತು, ಮೊಣಕಾಲು ನೋವು, ಇನ್ನು ನನ್ನಿಂದಾಗದು ಎನ್ನುವನು. ಛೇ, ನೀವಿಲ್ಲದೆ ಹೇಗೆ ಎಂದು ಎಲ್ಲರೂ ಒತ್ತಾಯ ಮಾಡುವರು. ಅವನು ಒಪ್ಪುವುದಿಲ್ಲ. ತನ್ನ ಜಾಗಕ್ಕೆ ಬರುವವರ ಹೆಸರನ್ನು ತಾನೇ ಸೂಚಿಸಿ, ತಾನೇ ಹಾರ ಹಾಕುವನು. ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ. ಇದಕ್ಕೆ ಅವಿರೋಧ ಆಯ್ಕೆ ಎಂದು ಹೆಸರು. ನಮ್ಮ ಬಳಗದಲ್ಲಿ ಪದವಿ ಬಿಟ್ಟವರಿಗೆಲ್ಲ ಮೊಣಕಾಲು ನೋವೇ ಎಂದು ನಾನು ಹೆಂಡತಿಯ ಹತ್ತಿರ ಗೇಲಿ ಮಾಡುತ್ತಿದ್ದೆ.

ಸೆಕ್ರೆಟರಿಯಣ್ಣನಿಗೆ ವಯಸ್ಸಾಗುತ್ತಿತ್ತು. ಫೋನಿನಲ್ಲೇ ಮುಗಿಯುವ ಕೆಲಸಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಅರ್ಧ ಮರೆಯುತ್ತಿದ್ದರು. ಕೆಲಸದಲ್ಲಿ ಯಾರಿಗೂ ಪಾಲು ಕೊಡುತ್ತಿರಲಿಲ್ಲ. ಬಳಗದಲ್ಲಿ ಒಬ್ಬ ನರ್ಸ್ ಇದ್ದಾಳೆ. ಅರಬ್ಬಿ ಚೆನ್ನಾಗಿ ಬರುತ್ತದೆ, ಮಾತು ಕಡಿಮೆ, ಹಿಡಿದ ಕೆಲಸ ಬಿಡುವುದಿಲ್ಲ. ಆ ಜಾಗಕ್ಕೆ ಅವಳು ಬಂದರೆ ಒಳ್ಳೆಯದು ಎಂದು ಎಲ್ಲರೂ ಪಿಸುಗುಡುತ್ತಿದ್ದರು. ಆದರೆ ಸೆಕ್ರೆಟರಿಯಣ್ಣನ ಮನೆಗೆ ಹೋಗಿ ಚಹಾ ಕುಡಿದು ಆ ಮಾತು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲರೂ ಒಂದಲ್ಲ ಒಂದು ದಿನ ಅವರ ಮನೆಯಲ್ಲಿ ಉಂಡವರೇ. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಅವರಿಗೆ ಎಲ್ಲರಿಗಿಂತ ಹತ್ತಿರದವನು ನಾನೇ ಅಲ್ಲವೇ?

ನನಗೆ ಧೈರ್ಯವಾಗಲಿಲ್ಲ. ಅದರ ಬದಲು ಕಾರ್ಯಕಾರಿ ಸಮಿತಿಯ ಮುಂದೆ ಅಮೆರಿಕದ ಆ ಪುಟ್ಟ ರಾಜ್ಯದ ಕಥೆ ಹೇಳಿದೆ. ಅಲ್ಲಿ ಒಂದೊಂದು ಹುದ್ದೆಗೂ ಬೇರೆ ಬೇರೆ ವೋಟು, ಬೇಸರವಿಲ್ಲ, ಜಗಳವಿಲ್ಲ, ನಾವೂ ಹಾಗೆ ಮಾಡಬಹುದಲ್ಲ ಎಂದು ದೊಡ್ಡ ಭಾಷಣವನ್ನೇ ಬಿಗಿದೆ. ಸೊಸೆ ಮಾವನಿಗೆ ಮಾಡಿದ ಫೋನಿನ ವಿಷಯ ಮಾತ್ರ ಹೇಳಲಿಲ್ಲ. ಚೀಟಿಯ ವೋಟು ಬಂದರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮುಖ ಕೊಡಬೇಕಾಗಿಲ್ಲ. ನನಗೆ ಬೇಕಾದದ್ದು ಅಷ್ಟೇ. ಸಮಿತಿಯಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿದವರು ಸೆಕ್ರೆಟರಿಯಣ್ಣ. ಒಳ್ಳೆಯ ಆಲೋಚನೆ ಎಂದು ನನ್ನ ಬೆನ್ನು ತಟ್ಟಿದರು. ಚೀಟಿ ಹಾಕಲು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಅವರೇ ಮುಚ್ಚಳದಲ್ಲಿ ಸೀಳು ಕೊರೆದು ತಂದರು.

ಸಭೆಯ ದಿನ ಶುಕ್ರವಾರ. ಎಂದಿನಂತೆ ಅವರ ಕಾರಿನಲ್ಲೇ ಹೋದೆ. ದಾರಿಯುದ್ದಕ್ಕೂ ಮುಂದಿನ ವರ್ಷ ಏನೇನು ಮಾಡಬೇಕೆಂದು ಹೇಳುತ್ತಿದ್ದರು. ನಾನು ಹೂಂಗುಡುತ್ತಿದ್ದೆ. ನನಗೆ ವೋಟು ಹಾಕು ಎಂದು ಒಂದೇ ಒಂದು ಸಲವೂ ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಕಂಡಿರಲಾರದು. ಚೀಟಿಯ ಕಾರ್ಯದರ್ಶಿ ಸಾಲಿನಲ್ಲಿ ಅವರ ಹೆಸರಿನ ಜೊತೆ ನರ್ಸ್ ಹೆಸರೂ ಇತ್ತು. ನಾನು ನರ್ಸ್ ಹೆಸರಿಗೆ ಗುರುತು ಹಾಕಿ ಚೀಟಿ ಮಡಿಸಿ ಡಬ್ಬಕ್ಕೆ ಹಾಕಿದೆ. ಆ ಕೆಲಸಕ್ಕೆ ಅವಳೇ ಸರಿ ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಅದರಲ್ಲಿ ನನಗೆ ಅನುಮಾನವಿಲ್ಲ.

ಎಣಿಕೆ ಮುಗಿದಾಗ ಅವಳು ಗೆದ್ದಿದ್ದಳು. ಸೆಕ್ರೆಟರಿಯಣ್ಣನದು ಒಂದೆರಡು ವೋಟಿನ ಸೋಲೇನೂ ಆಗಿರಲಿಲ್ಲ. ಫಲಿತಾಂಶ ಓದಿದವರು ತಲೆ ಎತ್ತಲಿಲ್ಲ, ಚಪ್ಪಾಳೆ ತಟ್ಟಲು ಯಾರ ಕೈಯೂ ಮೇಲೇಳಲಿಲ್ಲ. ಹಾರ ತಂದಿದ್ದರು, ಆದರೆ ಯಾರು ಹಾಕಬೇಕೆಂದು ಯಾರಿಗೂ ತಿಳಿಯಲಿಲ್ಲ. ಶಾಲಂತೂ ತಂದೇ ಇರಲಿಲ್ಲ. ಸೋತವರಿಗೆ ಶಾಲು ಹೊದಿಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಸೆಕ್ರೆಟರಿಯಣ್ಣ ಎದ್ದು ಹೋಗಿ ಆ ಹುಡುಗಿಯ ಕೈ ಕುಲುಕಿ, ಖಲಾಸ್, ಇನ್ನು ಊಟ ಮಾಡುವ ಎಂದರು. ಅವರು ಉಣ್ಣಲಿಲ್ಲ. ಊಟಕ್ಕೆ ಕುಳಿತಾಗ ಒಬ್ಬ ಹೆಂಗಸು ಅಭ್ಯಾಸಬಲದಿಂದ ಸೆಕ್ರೆಟರಿಯಣ್ಣಾ ಎಂದು ಕರೆದು ನಾಲಿಗೆ ಕಚ್ಚಿಕೊಂಡಳು. ಅಂದಿನಿಂದ ಅವರನ್ನು ಏನೆಂದು ಕರೆಯಬೇಕೆಂದು ಯಾರಿಗೂ ಗೊತ್ತಿಲ್ಲ. ಎಷ್ಟೋ ಜನ ಕರೆಯುವುದನ್ನೇ ಬಿಟ್ಟರು.

ಆಮೇಲೆ ಬೈಗುಳ ನನಗೆ ಬಿತ್ತು. ಅಮೆರಿಕದಿಂದ ವೋಟು ತಂದು ಮನುಷ್ಯನ ಮಾನ ಕಳೆದ ಎಂದರು. ಹಾಗೆ ಅಂದವರಲ್ಲಿ ಅವರ ವಿರುದ್ಧ ಚೀಟಿ ಹಾಕಿದವರೂ ಇದ್ದರು ಎಂದು ನನಗೆ ಖಾತ್ರಿ. ಅಂಥವರ ಬಾಯಿ ಮುಚ್ಚಿಸಿದವರು ಸೆಕ್ರೆಟರಿಯಣ್ಣನೇ. ಅವನಿಗೆ ಏನೂ ಹೇಳಬೇಡಿ, ಯಾರು ಕೈಬಿಟ್ಟರೂ ಅವನ ವೋಟು ನನಗೇ ಬಿದ್ದದ್ದು ಎಂದು ಎಲ್ಲರ ಹತ್ತಿರ ಹೇಳುತ್ತಿದ್ದಾರೆಂದು ಹೆಂಡತಿ ಬಂದು ತಿಳಿಸಿದಾಗ ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ನಾನು ಯಾರಿಗೆ ಹಾಕಿದ್ದೆನೆಂದು ಅವಳಿಗೂ ಹೇಳಿರಲಿಲ್ಲ.

ಕಚೇರಿಯಲ್ಲಿ ನನ್ನ ಮುಖ ನೋಡಿ ಅಮೆರಿಕದವಳು ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದೆ. ನಿನ್ನ ಊರಿನ ಪದ್ಧತಿ ನಮ್ಮವರಿಗೆ ಒಗ್ಗಲಿಲ್ಲ ಎಂದು ಸ್ವಲ್ಪ ಕೋಪದಲ್ಲೇ ಹೇಳಿದೆ. ಅವಳು ಒಂದೇ ಮಾತು ಕೇಳಿದಳು, ಮೊದಲೇ ಅವರಿಗೆ ಹೇಳಿದ್ದೆಯಾ ಎಂದು. ನಮ್ಮಲ್ಲಿ ಹಾಗೆಲ್ಲ ಮುಖಕ್ಕೆ ಹೇಳುವುದಿಲ್ಲ ಎಂದೆ. ಹೇಳುತ್ತಿರುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಾಯಿತು. ನಮ್ಮಲ್ಲಿ ಮನೆಗೆ ಹೋಗಿ, ಚಹಾ ಕುಡಿದು ಹೇಳುತ್ತಿದ್ದರು. ಅದಕ್ಕೇ ನಾನು ಹೆದರಿದ್ದು.

ಇಷ್ಟಾದರೂ ಸೆಕ್ರೆಟರಿಯಣ್ಣ ನನಗೆ ಕಾರಿನಲ್ಲಿ ಜಾಗ ಕೊಡುವುದನ್ನು ಬಿಡಲಿಲ್ಲ. ಕಳೆದ ವಾರ ಮನಾಮಾದಿಂದ ಸನದ್‌ಗೆ ಇಬ್ಬರೇ ಬರುತ್ತಿದ್ದೆವು. ಈ ದಿನ ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡು, ಅಣ್ಣಾ, ಒಂದು ವಿಷಯ ಎಂದು ಶುರು ಮಾಡಿದೆ.

"ವೋಟಿನದ್ದಾ? ನನಗೆ ಅವತ್ತೇ ಗೊತ್ತುಂಟು ಮಾರಾಯ," ಎಂದರು ಅವರು, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ. "ನೀನು ಚೀಟಿ ಹಾಕಿ ಬರುವಾಗ ನನ್ನ ಮುಖ ನೋಡ್ಲಿಲ್ಲ."

ಹಾಗಾದರೆ ಎಲ್ಲರ ಹತ್ತಿರ ಯಾಕೆ ಹಾಗೆ ಹೇಳಿದಿರಿ ಎಂದು ಹೇಗೋ ಕೇಳಿದೆ.

"ಹೇಳದಿದ್ರೆ ಅವರು ನಿನ್ನನ್ನು ಬಿಡ್ತಿದ್ರಾ? ವೋಟು ತಂದವನೇ ಕೈ ಕೊಟ್ಟ ಅಂತ ಊರಿನವರೆಗೂ ಮುಟ್ಟಿಸ್ತಿದ್ರು. ನಿಂಗೆ ಇನ್ನೂ ಇವರ ಮಧ್ಯೆಯೇ ಇರ್ಲಿಕ್ಕುಂಟಲ್ಲ."

ಸಿಗ್ನಲ್ ಬಂತು. ಕಾರು ನಿಂತಿತು. ನನಗೆ ಅಳು ಬಂದಿತ್ತು, ಕಿಟಕಿಯ ಕಡೆಗೆ ತಿರುಗಿ ಕುಳಿತೆ. ಸಿಗ್ನಲ್ ಹಸಿರಾದ ಮೇಲೂ ಅವರು ಸ್ವಲ್ಪ ಹೊತ್ತು ಕಾರು ಬಿಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

"ಆ ಹುಡುಗಿ ಒಳ್ಳೆದು ಮಾಡ್ತಾಳೆ. ಅದು ನನಗೂ ಕಾಣ್ತದೆ," ಎಂದರು. "ನೀನು ಒಂದು ಸಲ ಮನೆಗೆ ಬಂದು ಹೇಳ್ಬಹುದಿತ್ತು. ಅಣ್ಣಾ, ಇನ್ನು ಸಾಕು, ಅವಳು ಮಾಡ್ಲಿ ಅಂತ. ಮೊಣಕಾಲು ನೋವು ಅಂತ ಹೇಳಿ ನಾನೇ ಹಾರ ಹಾಕಿ ಅವಳನ್ನು ಕೂರಿಸ್ತಿದ್ದೆ."

ಮನೆಯ ಮುಂದೆ ನನ್ನನ್ನು ಇಳಿಸಿ, ಊಟ ಆಯಿತಾ ಎಂದು ಕೇಳದೆ ಹೋದರು. ಅವರ ಮನೆಯ ಕೆಳಗೆ ಕಾರು ನಿಲ್ಲಿಸಿ ಮೆಟ್ಟಿಲು ಹತ್ತುವುದನ್ನು ನಾನು ಬಾಗಿಲಲ್ಲೇ ನಿಂತು ನೋಡಿದೆ. ಕಂಬಿ ಹಿಡಿಯದೆ ಸರಸರನೆ ಹತ್ತಿದರು. ಅವರ ಮೊಣಕಾಲಿಗೆ ಏನೂ ಆಗಿಲ್ಲ. ನೋವು ಎಂದು ಎಲ್ಲರ ಎದುರು ಹೇಳಿ ತಾವಾಗಿಯೇ ಇಳಿದುಬರುವ ಮರ್ಯಾದೆಯೊಂದಿತ್ತು, ಅದನ್ನು ಅವರಿಂದ ಕಿತ್ತುಕೊಂಡವನು ನಾನು.